ಭೂಮಿಯ ವ್ಯಾಜ್ಯವೂ ಭಯದ ಭಾಷೆಯೂ: ‘ಛ ಮಾಣ ಆಠ ಗುಂಠ’ ಕಾದಂಬರಿಯ ವಿಮರ್ಶೆ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಶಾಪವಾಕ್ಯಗಳು ಸುಪರಿಚಿತವಾಗಿಯೇ ಇವೆ. ತಾನು ಕೊಟ್ಟುದಾಗಲಿ ಪರರು ಕೊಟ್ಟುದಾಗಲಿ, ದತ್ತವಾದ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷಗಳ ಕಾಲ ಮಲದಲ್ಲಿ ಕ್ರಿಮಿಯಾಗಿ ಹುಟ್ಟುವನೆಂಬ ತಾತ್ಪರ್ಯದ ಶ್ಲೋಕವು ಅಸಂಖ್ಯಾತವಾದ ಕಲ್ಲುಗಳ ಮೇಲೆಯೂ ತಾಮ್ರಪಟಗಳ ಮೇಲೆಯೂ ಕೆತ್ತಲ್ಪಟ್ಟಿದೆ. ವಿದ್ವಾಂಸರು ಇದನ್ನು ಸಂಪ್ರದಾಯದ ಮಾತೆಂದು ಬದಿಗಿಟ್ಟು ಕಾಲನಿರ್ಣಯಕ್ಕೂ ವಂಶಾವಳಿಗೂ ಹೋಗುವುದು ವಾಡಿಕೆ. ಆದರೆ ಒಂದು ಮಾತನ್ನು ಇಷ್ಟು ಸಲ ಹೇಳಬೇಕಾಗಿ ಬಂದುದಕ್ಕೆ ಕಾರಣವಿರಲೇಬೇಕು. ಅಪಹಾರವು ಅಪೂರ್ವವಾಗಿದ್ದರೆ ಶಾಪಕ್ಕೆ ಇಷ್ಟು ಕಲ್ಲು ಬೇಕಾಗುತ್ತಿರಲಿಲ್ಲ. ಮತ್ತೊಂದು ಸಂಗತಿಯೂ ಉಂಟು. ಈ ಶಾಪದ ಕಾವಲು ಬಹುಮಟ್ಟಿಗೆ ದೇವಾಲಯದ ಭೂಮಿಗೆ, ಅಗ್ರಹಾರಕ್ಕೆ, ಬಸದಿಗೆ, ಕೆರೆ ಕಟ್ಟಿಸಿದವರ ಮಾನ್ಯಕ್ಕೆ ದೊರೆತಿತ್ತೇ ಹೊರತು ಉಳುವವನ ಸ್ವಂತ ಹೊಲಕ್ಕೆ ದೊರೆಯಲಿಲ್ಲ. ಅವನ ಹೊಲವನ್ನು ಕಾಯುತ್ತಿದ್ದುದು ಊರವರ ನೆನಪು. ಇಂಗ್ಲಿಷರ ಆಳಿಕೆಯಲ್ಲಿ ಆ ನೆನಪಿನ ಸ್ಥಾನಕ್ಕೆ ಕಾಗದವು ಬಂದಿತು. ಆ ಕಾಗದವಾದರೋ ಓದಬಲ್ಲವನ ಪೆಟ್ಟಿಗೆಯಲ್ಲಿದ್ದಿತು.

ಈ ಸ್ಥಿತ್ಯಂತರವನ್ನು ಸಾಹಿತ್ಯವು ಹೇಗೆ ಕಂಡಿತೆಂಬುದನ್ನು ವಿಚಾರಮಾಡುವಾಗ ಭರತಖಂಡದ ಪೂರ್ವಭಾಗದಲ್ಲಿ ಹುಟ್ಟಿದ ಎರಡು ಕೃತಿಗಳು ಮೊದಲು ನೆನಪಿಗೆ ಬರುತ್ತವೆ. ಒಂದು, ೧೮೬೦ರಲ್ಲಿ ಢಾಕಾ ನಗರದಲ್ಲಿ ಅಚ್ಚಾದ ದೀನಬಂಧು ಮಿತ್ರರ ಬಂಗಾಳಿ ನಾಟಕ ‘ನೀಲದರ್ಪಣ’. ಇನ್ನೊಂದು, ಫಕೀರಮೋಹನ ಸೇನಾಪತಿಯವರ ಒಡಿಯಾ ಕಾದಂಬರಿ ‘ಛ ಮಾಣ ಆಠ ಗುಂಠ’. ಕನ್ನಡಿಗರಿಗೆ ವಂಗದೇಶದ ಸಾಹಿತ್ಯವು ಬಿ. ವೆಂಕಟಾಚಾರ್ಯರ ಮೂಲಕ ಬಹು ಹಿಂದೆಯೇ ಪರಿಚಿತವಾಯಿತು. ಆದರೆ ಹಾಗೆ ಬಂದುದು ಮುಖ್ಯವಾಗಿ ಬಂಕಿಮಚಂದ್ರರ ಕಾದಂಬರಿಗಳ ವಂಗದೇಶ, ಕೋಟೆ ಕುದುರೆ ಸನ್ನ್ಯಾಸಿಗಳ ವಂಗದೇಶ. ನೀಲಿಯ ಹೊಲದಲ್ಲಿ ಏಟು ತಿಂದ ರೈತನು ಆ ದಾರಿಯಲ್ಲಿ ಬರಲಿಲ್ಲ. ಆದುದರಿಂದ ಪ್ರಕೃತ ವಿಷಯಕ್ಕೆ ಪ್ರವೇಶಿಸುವ ಮುನ್ನ ನಾಟಕದ ವಿಷಯವಾಗಿ ಕೆಲವು ಮಾತುಗಳನ್ನು ಹೇಳುವುದು ಅವಶ್ಯ.

ದೀನಬಂಧು ಮಿತ್ರರು ಅಂಚೆಯ ಇಲಾಖೆಯ ನೌಕರರು. ಆ ಕೆಲಸದ ನಿಮಿತ್ತ ಹಳ್ಳಿಗಾಡಿನಲ್ಲಿ ಸಂಚರಿಸಿ, ನೀಲಿ ಬೆಳೆಯಿಸುತ್ತಿದ್ದ ಐರೋಪ್ಯ ತೋಟಗಾರರ ಕೋಠಿಗಳನ್ನು ಹತ್ತಿರದಿಂದ ನೋಡಿದವರು. ಸರಕಾರದ ಸೇವೆಯಲ್ಲಿದ್ದ ಕಾರಣ ಪುಸ್ತಕದ ಮೇಲೆ ತಮ್ಮ ಹೆಸರನ್ನು ಹಾಕದೆ, ಯಾರೋ ಒಬ್ಬ ಪಥಿಕನು ಬರೆದನೆಂದು ಮಾತ್ರ ಸೂಚಿಸಿದರು. ರೈತನಿಗೆ ಮುಂಗಡ ಹಣ ಕೊಡುವುದು, ಅದಕ್ಕೆ ಬದಲಾಗಿ ಅವನ ಒಳ್ಳೆಯ ಗದ್ದೆಯಲ್ಲಿ ಬತ್ತಕ್ಕೆ ಬದಲು ನೀಲಿಯನ್ನು ಬಿತ್ತಿಸುವುದು, ಬೆಳೆಗೆ ಕೊಡುವ ಬೆಲೆಯಿಂದ ಆ ಮುಂಗಡವು ಎಂದಿಗೂ ತೀರದಂತೆ ಲೆಕ್ಕ ಬರೆಯುವುದು, ಒಪ್ಪದವನನ್ನು ಕೋಠಿಯ ಉಗ್ರಾಣದಲ್ಲಿ ಕೂಡಿಹಾಕಿ ಹೊಡೆಯುವುದು: ಇದು ಆ ಕೃಷಿಯ ಕ್ರಮ. ೧೮೫೯ರಲ್ಲಿ ನದಿಯಾ ಜೆಸ್ಸೂರು ಪ್ರಾಂತಗಳ ರೈತರು ನೀಲಿ ಬಿತ್ತುವುದಿಲ್ಲವೆಂದು ನಿಂತರು. ೧೮೬೦ರಲ್ಲಿ ಸರಕಾರವು ಮೊದಲು ಕರಾರು ಮುರಿದ ರೈತನನ್ನು ಮ್ಯಾಜಿಸ್ಟ್ರೇಟನು ಶೀಘ್ರವಾಗಿ ದಂಡಿಸತಕ್ಕ ತಾತ್ಕಾಲಿಕವಾದ ಕಾನೂನೊಂದನ್ನು ಮಾಡಿ, ಅದೇ ವರ್ಷ ವಿಚಾರಣೆಗಾಗಿ ಒಂದು ಆಯೋಗವನ್ನೂ ನೇಮಿಸಿತು. ನಾಟಕವು ಹೊರಬಂದುದು ಈ ಗದ್ದಲದ ನಡುವೆ.

ಅದರ ಇಂಗ್ಲಿಷ್ ಭಾಷಾಂತರವನ್ನು ಪಾದ್ರಿ ಜೇಮ್ಸ್ ಲಾಂಗ್ ಎಂಬವರು ೧೮೬೧ರಲ್ಲಿ ಪ್ರಕಟಿಸಿದರು; ಭಾಷಾಂತರಕಾರರು ಮೈಕೇಲ್ ಮಧುಸೂದನ ದತ್ತರೆಂದು ಪ್ರತೀತಿ. ಲಾಂಗರ ಮೇಲೆ ಮಾನನಷ್ಟದ ಮೊಕದ್ದಮೆ ನಡೆದು, ಕಲ್ಕತ್ತೆಯ ಸುಪ್ರೀಂ ಕೋರ್ಟು ಅವರಿಗೆ ಒಂದು ತಿಂಗಳ ಸೆರೆವಾಸವನ್ನೂ ಸಾವಿರ ರೂಪಾಯಿ ಜುಲ್ಮಾನೆಯನ್ನೂ ವಿಧಿಸಿತು. ಜುಲ್ಮಾನೆಯನ್ನು ಮಹಾಭಾರತವನ್ನು ಬಂಗಾಳಿಗೆ ತಂದ ಕಾಳೀಪ್ರಸನ್ನ ಸಿಂಹರು ಕೊಟ್ಟರು. ರೈತನನ್ನು ಹೊಡೆದವರ ಮೇಲೆ ನಡೆಯದ ಮೊಕದ್ದಮೆಯು ಹೊಡೆದರೆಂದು ಅಚ್ಚುಹಾಕಿದವರ ಮೇಲೆ ನಡೆಯಿತೆಂಬುದು ಸಾಹಿತ್ಯಚರಿತ್ರೆಯಲ್ಲಿ ಗಮನಿಸತಕ್ಕ ಸಂಗತಿ. ೧೮೭೨ನೆಯ ಡಿಸೆಂಬರ್ ತಿಂಗಳಲ್ಲಿ ಕಲ್ಕತ್ತೆಯ ನ್ಯಾಷನಲ್ ಥಿಯೇಟರ್ ಮಂಡಲಿಯವರು ಟಿಕೆಟ್ಟು ಮಾರಿ ಆಡಿದ ಮೊದಲ ನಾಟಕವೂ ಇದೇ.

ಈ ಕೀರ್ತಿಯ ದೆಸೆಯಿಂದಲೋ ಏನೋ ‘ನೀಲದರ್ಪಣ’ವನ್ನು ಚರಿತ್ರೆಯ ದಾಖಲೆಯೆಂದು ಹೊಗಳಿ, ನಾಟಕವೆಂದು ಓದುವಾಗ ಕೈಬಿಡುವುದು ವಿಮರ್ಶಕರ ರೂಢಿಯಾಗಿದೆ. ಆಕ್ಷೇಪಗಳು ನಿರಾಧಾರವಾದುವಲ್ಲ. ಐದು ಅಂಕಗಳಲ್ಲಿ ಗೋಲೋಕಚಂದ್ರ ಬಸುವಿನ ಮನೆತನವು ಬೇರುಸಹಿತವಾಗಿ ನಾಶವಾಗುತ್ತದೆ: ಸುಳ್ಳು ಆರೋಪದ ಮೇಲೆ ಸೆರೆಗೆ ಹೋದ ಗೋಲೋಕನು ನೇಣು ಹಾಕಿಕೊಳ್ಳುತ್ತಾನೆ, ಹಿರಿಯ ಮಗ ನವೀನಮಾಧವನು ಏಟಿನಿಂದ ಸಾಯುತ್ತಾನೆ, ತಾಯಿ ಸಾವಿತ್ರಿಯು ಹುಚ್ಚಾಗಿ ಕಿರಿಯ ಸೊಸೆಯನ್ನು ಕೊಂದು ತಾನೂ ಸಾಯುತ್ತಾಳೆ, ತೋಟಗಾರನ ಕೈಗೆ ಸಿಕ್ಕಿದ ಗರ್ಭಿಣಿ ಕ್ಷೇತ್ರಮಣಿಯು ಬದುಕುವುದಿಲ್ಲ. ಕೊನೆಯ ಅಂಕದಲ್ಲಿ ಶವಗಳನ್ನು ಲೆಕ್ಕ ಮಾಡುವುದರಲ್ಲಿಯೇ ಪ್ರೇಕ್ಷಕನ ಶೋಕವು ಬಳಲಿಹೋಗುತ್ತದೆ. ಭದ್ರಲೋಕದ ಪಾತ್ರಗಳು ದುಃಖದ ಉತ್ಕಟಾವಸ್ಥೆಯಲ್ಲಿಯೂ ಸಮಾಸಭೂಯಿಷ್ಠವಾದ ಸಂಸ್ಕೃತದಲ್ಲಿ ಗೋಳಾಡುತ್ತವೆ. ಹೀಗೆ ಅಳುವ ಮಗನು ಯಾವ ಊರಿನಲ್ಲಿಯೂ ಇಲ್ಲ.

ಆದರೆ ರೈತರು ಬಾಯಿ ತೆರೆದೊಡನೆ ನಾಟಕದ ಗಾಳಿಯೇ ಬದಲಾಗುತ್ತದೆ. ಮುಸಲ್ಮಾನ ರೈತನಾದ ತೋರಾಪನು ತನ್ನ ಪ್ರಾಂತದ ಮಾತಿನಲ್ಲಿ ಬೈಯುತ್ತಾನೆ, ಹೆದರುತ್ತಾನೆ, ಉಪಾಯ ಹೂಡುತ್ತಾನೆ, ಸಮಯ ಬಂದಾಗ ತೋಟಗಾರನ ಮೂಗನ್ನು ಕಚ್ಚಿಕೊಂಡು ಹೋಗುತ್ತಾನೆ. ಅವನಲ್ಲಿ ಒಂದು ಮಾತೂ ಕೃತಕವಲ್ಲ. ದೀನಬಂಧುಗಳು ಕಣ್ಣಾರೆ ಕಂಡವರನ್ನು ಬರೆಯುವಾಗ ಸಮರ್ಥರು, ಪುಸ್ತಕದಿಂದ ಬರೆಯುವಾಗ ದುರ್ಬಲರು ಎಂಬ ಅಭಿಪ್ರಾಯವನ್ನು ಅವರ ಮಿತ್ರರಾದ ಬಂಕಿಮಚಂದ್ರರೇ ಸೂಚಿಸಿರುವರು. ಅದಕ್ಕೆ ಹೆಚ್ಚಿಗೆ ಸೇರಿಸಬೇಕಾದುದೇನೂ ಇಲ್ಲ. ಇಲ್ಲಿ ಮತ್ತೊಂದು ಅಂಶವು ಮಾತ್ರ ಪ್ರಕೃತಕ್ಕೆ ಬೇಕಾದುದು. ಕೋಠಿಯಲ್ಲಿ ರೈತರನ್ನು ಹೊಡೆಯುವ ಚರ್ಮದ ಚಾವಟಿಗೆ ‘ಶ್ಯಾಮಚಾಂದ’ ಎಂದು ಹೆಸರು. ದೇವರ ಹೆಸರನ್ನು ಚಾವಟಿಗೆ ಇಟ್ಟವನು ವಿನೋದಶೀಲನೇ ಇರಬೇಕು. ಹೊಡೆಯುವವನ ಮನೆಯಲ್ಲಿ ಹಿಂಸೆಯು ದಿನಚರಿಯಾಗಿ, ದಿನಚರಿಯು ಹಾಸ್ಯವಾಗಿ ತಿರುಗಿದ ಬಗೆಯನ್ನು ಆ ಒಂದು ಹೆಸರು ತೋರಿಸುತ್ತದೆ. ಐದನೆಯ ಅಂಕದ ಶವಗಳು ತೋರಿಸುವುದಿಲ್ಲ.

ಆದರೂ ‘ನೀಲದರ್ಪಣ’ದಲ್ಲಿ ಭಯವು ಹೊರಗಿನಿಂದ ಬರುತ್ತದೆ. ಕೋಠಿಯೂ ಅದರ ದಿವಾನನೂ ಒಂದು ಕಡೆ, ಉಳಿದ ಊರೆಲ್ಲ ಇನ್ನೊಂದು ಕಡೆ. ಬೆದರಿಸುವವನ ಬಣ್ಣವೇ ಬೇರೆ, ಭಾಷೆಯೇ ಬೇರೆ. ಅವನನ್ನು ಗುರುತಿಸುವುದರಲ್ಲಿ ಯಾರಿಗೂ ಕಷ್ಟವಿಲ್ಲ. ಊರೊಳಗೆಯೇ ಹುಟ್ಟಿ, ಊರ ದೇವರಿಗೆಯೇ ಕೈಮುಗಿದು, ಊರ ಭಾಷೆಯಲ್ಲಿಯೇ ನಯವಾಗಿ ಮಾತನಾಡಿ, ಒಂದು ಏಟೂ ಹೊಡೆಯದೆ ನೆರೆಯವನ ಹೊಲವನ್ನು ಕಿತ್ತುಕೊಳ್ಳುವವನನ್ನು ಹೇಗೆ ಚಿತ್ರಿಸಬೇಕು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಫಕೀರಮೋಹನರು.

ಫಕೀರಮೋಹನ ಸೇನಾಪತಿಯವರು (೧೮೪೩-೧೯೧೮) ಬಾಲೇಶ್ವರದವರು. ಉಪಾಧ್ಯಾಯರಾಗಿ, ಮುದ್ರಣಾಲಯ ನಡೆಸಿ, ಅನಂತರ ಒಡಿಶಾದ ಹಲವು ಸಂಸ್ಥಾನಗಳಲ್ಲಿ ದಿವಾನಗಿರಿಯನ್ನೂ ಆಡಳಿತವನ್ನೂ ಮಾಡಿದವರು. ೧೮೯೧ರಲ್ಲಿ ಕೇವುಂಝರ ಸಂಸ್ಥಾನದ ಭುಯ್ಯಾ ಜನರು ದಂಗೆಯೆದ್ದಾಗ ಅಲ್ಲಿ ಅಧಿಕಾರಿಯಾಗಿದ್ದ ಇವರು ದಂಗೆಗಾರರ ಕೈಗೆ ಸೆರೆಸಿಕ್ಕಿದ್ದರು. ರೈತರ ಪಕ್ಷದ ಮಹಾಕೃತಿಯೊಂದನ್ನು ಬರೆದವರು ರೈತರ ಸಿಟ್ಟನ್ನು ಎದುರಿನ ಬದಿಯಿಂದ ಅನುಭವಿಸಿದವರೆಂಬುದನ್ನು ಮರೆಯಲಾಗದು. ಕಚೇರಿಯ ಕಾಗದವು ಯಾವ ದಾರಿಯಲ್ಲಿ ಹೊರಟು ಯಾರ ಮನೆಯ ಬಾಗಿಲನ್ನು ಮುರಿಯುತ್ತದೆಂಬುದು ಅವರಿಗೆ ಗೊತ್ತಿದ್ದಂತೆ ಕವಿಗಳಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಕಾದಂಬರಿಯು ‘ಧೂರ್ಜಟಿ’ ಎಂಬ ಗುಪ್ತನಾಮದಲ್ಲಿ ‘ಉತ್ಕಲ ಸಾಹಿತ್ಯ’ ಎಂಬ ಮಾಸಪತ್ರಿಕೆಯಲ್ಲಿ ೧೮೯೭ರಿಂದ ೧೮೯೯ರ ವರೆಗೆ ಬಂದು, ೧೯೦೨ರಲ್ಲಿ ಗ್ರಂಥರೂಪವನ್ನು ಹೊಂದಿತು.

ಹೆಸರಿನ ವಿಷಯವಾಗಿ ಒಂದು ಮಾತು. ‘ಗುಂಠ’ವು ಕನ್ನಡಿಗರ ‘ಗುಂಟೆ’ಯೇ, ಆದರೆ ಲೆಕ್ಕ ಬೇರೆ. ಕನ್ನಡ ನಾಡಿನಲ್ಲಿ ಎಕರೆಗೆ ೪೦ ಗುಂಟೆ. ಒಡಿಶಾದಲ್ಲಿ ಸರಿಸುಮಾರು ಒಂದು ಎಕರೆಯಷ್ಟಾಗುವ ಮಾಣಕ್ಕೆ ೨೫ ಗುಂಠ. ಆದಕಾರಣ ಆರು ಮಾಣ ಎಂಟು ಗುಂಠವೆಂದರೆ ಆರು ಎಕರೆಯೂ ಮೂರನೆಯ ಒಂದು ಪಾಲೂ ಆಗುತ್ತದೆ. ೨೦೦೫ರಲ್ಲಿ ಪ್ರಕಟವಾದ ಇಂಗ್ಲಿಷ್ ಭಾಷಾಂತರದ ಹೆಸರೂ ಅದೇ ಅರ್ಥದ್ದು. ನಾಯಕನ ಹೆಸರನ್ನಾಗಲಿ ನಾಯಿಕೆಯ ಹೆಸರನ್ನಾಗಲಿ ಇಡದೆ ಖಾತೆಯ ಪುಸ್ತಕದ ಒಂದು ಅಂಕಿಯನ್ನು ಕಾದಂಬರಿಗೆ ಹೆಸರಾಗಿ ಇಟ್ಟಿರುವುದು ಆ ಕಾಲಕ್ಕೆ ಸಾಮಾನ್ಯವಾದ ಧೈರ್ಯವಲ್ಲ.

ಕಥೆಯು ಸಂಕ್ಷೇಪವಾಗಿ ಇಂತಿದೆ. ಗೋವಿಂದಪುರದ ಜಮೀನುದಾರ ರಾಮಚಂದ್ರ ಮಂಗರಾಜನ ಕಣ್ಣು ನೇಕಾರ ದಂಪತಿಗಳಾದ ಭಗಿಯಾ ಸಾರಿಯಾ ಇವರ ಆರು ಮಾಣ ಎಂಟು ಗುಂಠ ಗದ್ದೆಯ ಮೇಲೆ ಬೀಳುತ್ತದೆ. ದಂಪತಿಗಳು ಸಾಧುಗಳು, ಸಾಲವಿಲ್ಲ, ಜಗಳವಿಲ್ಲ, ಹಿಡಿಯುವುದಕ್ಕೆ ಎಲ್ಲಿಯೂ ಹಿಡಿಯಿಲ್ಲ. ಇರುವ ಕೊರತೆ ಒಂದೇ, ಮಕ್ಕಳಿಲ್ಲದಿರುವುದು. ಮಂಗರಾಜನ ಮನೆಯ ಚಂಪಾ ಎಂಬ ಹೆಂಗಸು ಆ ಕೊರತೆಯನ್ನೇ ಹಿಡಿಯಾಗಿ ಮಾಡಿಕೊಳ್ಳುತ್ತಾಳೆ. ಊರ ದೇವತೆ ಬುಢೀ ಮಂಗಳೆಯ ಸನ್ನಿಧಿಯಲ್ಲಿ ನೆಲದೊಳಗೆ ಅಡಗಿಸಿಟ್ಟ ಮನುಷ್ಯನ ಬಾಯಿಂದ ದೇವಿಯ ವಾಣಿ ಹೊರಡುತ್ತದೆ. ಗುಡಿ ಕಟ್ಟಿಸಿದರೆ ಸಂತಾನ. ಗುಡಿಗೆ ಹಣ ಬೇಕು. ಹಣಕ್ಕೆ ಗದ್ದೆಯ ಅಡವು. ಮುಂದಿನದು ತಾನಾಗಿಯೇ ನಡೆಯುತ್ತದೆ: ವಾಯಿದೆ ಮುಗಿಯುತ್ತದೆ, ಡಿಕ್ರಿ ಆಗುತ್ತದೆ, ಗದ್ದೆ ಹೋಗುತ್ತದೆ, ಮನೆ ಬೀಳುತ್ತದೆ, ನೇತ ಎಂಬ ಹಸು ಮಂಗರಾಜನ ಕೊಟ್ಟಿಗೆಗೆ ಸೇರುತ್ತದೆ. ಭಗಿಯನು ಹುಚ್ಚನಾಗುತ್ತಾನೆ, ಸಾರಿಯಾ ಮಂಗರಾಜನ ಮನೆಯ ಹಿತ್ತಿಲಲ್ಲಿ ಅನ್ನನೀರು ಬಿಟ್ಟು ಅತ್ತು ಸಾಯುತ್ತಾಳೆ.

ಇಡೀ ಅಪಹರಣದಲ್ಲಿ ಎಲ್ಲಿಯೂ ಚಾವಟಿಯಿಲ್ಲ. ಭಕ್ತಿಯು ಮೊದಲ ಮೆಟ್ಟಿಲು, ಸಾಲವು ಎರಡನೆಯದು, ನ್ಯಾಯಾಸ್ಥಾನವು ಮೂರನೆಯದು. ಈ ಮೂರೂ ಲೋಕದಲ್ಲಿ ಗೌರವಕ್ಕೆ ಪಾತ್ರವಾದುವು. ‘ನೀಲದರ್ಪಣ’ದ ಲೇಖಕರು ಅನ್ಯಾಯವನ್ನು ಕಾನೂನಿನ ಉಲ್ಲಂಘನವೆಂದು ಕಂಡರೆ, ಫಕೀರಮೋಹನರು ಅದನ್ನು ಕಾನೂನಿನ ಪಾಲನೆಯಲ್ಲಿಯೇ ಕಂಡರು. ಸಾರಿಯಾಳ ಸಾವಿನ ವಿಷಯವಾಗಿ ಮಂಗರಾಜನ ಮೇಲೆ ವಿಚಾರಣೆ ನಡೆಯುವ ಭಾಗವು ಇದಕ್ಕೆ ಪರಮ ನಿದರ್ಶನ. ಪೋಲೀಸರ ತನಿಖೆ, ಸಾಕ್ಷಿಗಳ ಹೇಳಿಕೆ, ವಕೀಲರ ವಾದ ಎಲ್ಲವೂ ಕಚೇರಿಯ ಒರಟು ಗದ್ಯದಲ್ಲಿಯೇ ಬರುತ್ತವೆ. ಕೊನೆಗೆ ಕೊಲೆ ಸಿದ್ಧವಾಗುವುದಿಲ್ಲ. ಹಸುವನ್ನು ಅಕ್ರಮವಾಗಿ ಹಿಡಿದುಕೊಂಡ ತಪ್ಪಿಗೆ ಶಿಕ್ಷೆಯಾಗುತ್ತದೆ. ಗದ್ದೆಯ ವಿಷಯವಾಗಿ ನ್ಯಾಯಾಧೀಶನು ಹೇಳುವುದಕ್ಕೆ ಏನೂ ಇಲ್ಲ, ಏಕೆಂದರೆ ಗದ್ದೆಯು ಕ್ರಮವಾಗಿಯೇ ಕೈಬದಲಾಗಿದೆ. ಹಸುವನ್ನು ಕಾಣಬಲ್ಲ ಕಣ್ಣಿಗೆ ಹೊಲವು ಕಾಣುವುದಿಲ್ಲ. ಇಂಥ ತೀರ್ಪನ್ನು ಬರೆದು ಅದರ ಮೇಲೆ ಒಂದು ಟೀಕೆಯ ಮಾತನ್ನೂ ಹೇಳದೆ ಮುಂದೆ ಹೋಗುವ ಸಂಯಮವು ಆ ಶತಮಾನದ ಭಾರತೀಯ ಕಾದಂಬರಿಗಳಲ್ಲಿ ವಿರಳ.

ಕಾದಂಬರಿಯ ನಿಜವಾದ ನಾಯಕನು ಮಂಗರಾಜನಲ್ಲ, ಕಥೆ ಹೇಳುವವನು. ಮೊದಲ ಅಧ್ಯಾಯದಲ್ಲಿಯೇ ಅವನು ಜಮೀನುದಾರನ ಧರ್ಮನಿಷ್ಠೆಯನ್ನು ಕೊಂಡಾಡುತ್ತಾನೆ: ಏಕಾದಶಿಯ ದಿನ ಈ ಮಹನೀಯನಿಗೆ ನೀರೂ ತುಳಸಿಯೂ ಮಾತ್ರ ಆಹಾರ. ಆದರೆ ಅದೇ ರಾತ್ರಿ ಮಲಗುವ ಕೋಣೆಯಲ್ಲಿ ಒಂದು ಪಾತ್ರೆ ಹಾಲೂ ಬಾಳೆಯ ಹಣ್ಣುಗಳೂ ಇರುತ್ತವೆಂದೂ, ಬೆಳಗ್ಗೆ ಪಾತ್ರೆ ಬರಿದಾಗಿರುತ್ತದೆಂದೂ ಮನೆಯ ಕ್ಷೌರಿಕನು ಬಾಯಿಜಾರಿ ಹೇಳಿದ್ದಾನೆ. ಕಥೆಗಾರನು ಇದನ್ನು ನಂಬಲೊಲ್ಲನು. ಕಣ್ಣಾರೆ ಕಂಡ ಸಾಕ್ಷಿಯಿಲ್ಲ; ಕೇಳಿಕೆಯ ಮಾತನ್ನು ಕೋರ್ಟೂ ಒಪ್ಪುವುದಿಲ್ಲ; ಹಾಲು ದ್ರವಪದಾರ್ಥವಾದುದರಿಂದ ಆವಿಯಾಗುವುದು ಸಹಜ; ಮನೆಯಲ್ಲಿ ಇಲಿಗಳಿಲ್ಲವೆ? ಹೀಗೆ ನ್ಯಾಯಶಾಸ್ತ್ರವನ್ನೂ ಪ್ರಕೃತಿವಿಜ್ಞಾನವನ್ನೂ ಸಾಕ್ಷ್ಯದ ಕಾನೂನನ್ನೂ ಒಂದೇ ಉಸುರಿನಲ್ಲಿ ಕರೆದುತಂದು ಜಮೀನುದಾರನನ್ನು ನಿರ್ದೋಷಿಯೆಂದು ಸ್ಥಾಪಿಸುತ್ತಾನೆ. ರಕ್ಷಣೆಯು ಬೆಳೆದಷ್ಟೂ ದೋಷವು ದೃಢವಾಗುತ್ತದೆ.

ಇದನ್ನು ವಿಡಂಬನವೆಂದು ಎಲ್ಲರೂ ಗುರುತಿಸಿರುವರು. ಸಂಸ್ಕೃತದ ಲಾಕ್ಷಣಿಕರ ಪರಿಭಾಷೆಯಲ್ಲಿ ಇದು ವ್ಯಾಜಸ್ತುತಿ. ದಂಡಿಯಿಂದ ಮಮ್ಮಟನ ವರೆಗೆ ಆಲಂಕಾರಿಕರು ಇದಕ್ಕೆ ಲಕ್ಷಣವನ್ನು ಹೇಳಿ, ನಿಂದೆಯಿಂದ ಸ್ತುತಿಯೂ ಸ್ತುತಿಯಿಂದ ನಿಂದೆಯೂ ಹೊರಡುವ ಬಗೆಯನ್ನು ವಿವರಿಸಿರುವರು. ಆದರೆ ಅವರು ಕೇಳದಿದ್ದ ಒಂದು ಪ್ರಶ್ನೆ ಇಲ್ಲಿ ಏಳುತ್ತದೆ: ನಿಂದಿಸಬೇಕಾದವನು ಏಕೆ ಹೊಗಳುತ್ತಾನೆ? ರಾಜಸಭೆಯ ಕವಿಗೆ ಅದು ಚಮತ್ಕಾರ. ಗೋವಿಂದಪುರದಲ್ಲಿ ಅದು ಅನಿವಾರ್ಯ. ಜಮೀನುದಾರನ ಕಿವಿಗೆ ಬೀಳುವ ಸ್ಥಳದಲ್ಲಿ ನಿಂತು ಅವನ ವಿಷಯವಾಗಿ ನಿಜವನ್ನು ಹೇಳಬೇಕಾದ ಹಳ್ಳಿಗನಿಗೆ ಇರುವ ವ್ಯಾಕರಣವು ಇದೊಂದೇ. ಹೊಗಳಿಕೆಯ ರೂಪದಲ್ಲಿ ಹೇಳಿದರೆ ಮಾತ್ರ ಆರೋಪವನ್ನು ಹೇಳಬಹುದು. ಊರ ಕಟ್ಟೆಯ ಮೇಲೆ ಕುಳಿತು ‘ನಮ್ಮ ಧಣಿಗಳು ದೇವರಂಥವರು’ ಎಂದು ಒಂದು ಬಗೆಯ ದನಿಯಲ್ಲಿ ಹೇಳುವವರನ್ನು ಕನ್ನಡದ ಹಳ್ಳಿಗಳೂ ಬಲ್ಲವು. ಆದಕಾರಣ ಫಕೀರಮೋಹನರ ವ್ಯಂಗ್ಯವನ್ನು ಲೇಖಕನ ಬುದ್ಧಿಚಾತುರ್ಯವೆಂದು ಮಾತ್ರ ಎಣಿಸುವುದು ಅಲ್ಪವಾದೀತು. ಅದು ಬೆದರಿಕೆಯಲ್ಲಿ ಬದುಕಿದ ಜನರ ಮಾತಿನ ಧಾಟಿ. ಕಾದಂಬರಿಯಲ್ಲಿ ಭಯವನ್ನು ವರ್ಣಿಸಿರುವುದಕ್ಕಿಂತ ಭಯದಲ್ಲಿಯೇ ಕಥೆಯನ್ನು ಹೇಳಿರುವುದು ಹೆಚ್ಚಿನ ಸಾಧನೆ. ಕನ್ನಡದಲ್ಲಿ ವ್ಯಾಜಕ್ಕೂ ವ್ಯಾಜ್ಯಕ್ಕೂ ಇರುವ ಅಕ್ಷರದ ನೆಂಟಸ್ತನವನ್ನು ಈ ಲೇಖಕರು ತಿಳಿದಿದ್ದರೆ ಸಂತೋಷಪಡುತ್ತಿದ್ದರು.

ಈ ದೃಷ್ಟಿಯಿಂದ ನೋಡಿದರೆ ಹಲವು ಚಿಕ್ಕ ಪ್ರಸಂಗಗಳಿಗೆ ಹೊಸ ಬೆಲೆ ಬರುತ್ತದೆ. ರೈತನೊಬ್ಬನ ಗದ್ದೆಯಲ್ಲಿ ಪೈರು ಅತಿ ದಟ್ಟವಾಗಿದೆ, ಹೀಗಿದ್ದರೆ ಕೆಡುತ್ತದೆ ಎಂದು ಮಂಗರಾಜನು ಹಿತವಚನವನ್ನು ಹೇಳುತ್ತಾನೆ. ಹೇಳಿದೊಡನೆ ಅವನ ಆಳುಗಳು ಸಸಿಗಳನ್ನು ಕಿತ್ತು ಧಣಿಯ ಗದ್ದೆಗೆ ಒಯ್ಯುತ್ತಾರೆ. ಕಳವು ಇಲ್ಲಿ ಉಪದೇಶದ ರೂಪದಲ್ಲಿ ಬಂದಿದೆ. ರೈತನು ಅಂಗಲಾಚಬಹುದು, ಆದರೆ ಕೂಗುವಂತಿಲ್ಲ. ಕೂಗಿದರೆ ಉಪಕಾರವನ್ನು ತಿರಸ್ಕರಿಸಿದಂತೆ. ಮಂಗರಾಜನು ಬತ್ತವನ್ನು ಬಡ್ಡಿಗೆ ಕೊಡುವುದನ್ನು ಕಥೆಗಾರನು ಪರೋಪಕಾರದ ಪಟ್ಟಿಗೆ ಸೇರಿಸುವುದೂ ಇದೇ ಕಾರಣದಿಂದ. ಅಸುರ ದೀಘಿ ಎಂಬ ಊರ ಕೆರೆಯ ವರ್ಣನೆಯನ್ನು ಕೆಲವು ಓದುಗರು ಅಪ್ರಕೃತವೆಂದು ದಾಟಿಬಿಡುತ್ತಾರೆ. ದಾಟಬಾರದು. ಪಂಡಿತರ ಚರಿತ್ರೆಸಂಶೋಧನೆಯನ್ನು ಅಣಕಿಸುತ್ತ ಆರಂಭವಾಗುವ ಆ ಅಧ್ಯಾಯದಲ್ಲಿ, ದಿನವೆಲ್ಲ ಕೆಸರಿನಲ್ಲಿ ನಿಂತ ಹಕ್ಕಿಗೆ ಅರೆಹೊಟ್ಟೆ, ಎಲ್ಲಿಂದಲೋ ಬಂದು ಎರಗಿದ ಹಕ್ಕಿಗೆ ಹೊಟ್ಟೆತುಂಬ ಮೀನು. ಹೆಸರನ್ನು ಹೇಳದೆಯೇ ಸರಕಾರದ ಸ್ವರೂಪವು ಕೆರೆಯ ನೀರಿನಲ್ಲಿ ಕಾಣುತ್ತದೆ. ಭಯದ ಭಾಷೆಯು ಜಮೀನುದಾರನಲ್ಲಿಗೆ ನಿಲ್ಲುವುದಿಲ್ಲ.

ಮಂಗರಾಜನು ಜಮೀನುದಾರನಾದ ಬಗೆಯನ್ನೂ ಲೇಖಕರು ಮರೆತಿಲ್ಲ. ಅವನ ಹಿಂದೆ ಆ ಜಮೀನುದಾರಿಯು ಮೇದಿನೀಪುರದ ದಿಲ್ದಾರ್ ಮಿಯಾ ಎಂಬ ಭೋಗಪ್ರಿಯನದು. ಅವನಿಂದ ಮಂಗರಾಜನಿಗೆ ಬಂದುದು ಸಾಲದ ಕಾಗದದ ಮೂಲಕವೇ. ಮಂಗರಾಜನು ಸೆರೆಗೆ ಹೋಗುವಾಗ ಅದು ಅವನ ವಕೀಲ ರಾಮರಾಮ ಲಾಲನ ಕೈಗೆ ಹೋಗುವುದೂ ಕಾಗದದ ಮೂಲಕವೇ. ಒಡಿಶಾದ ಚರಿತ್ರೆಯನ್ನು ಬಲ್ಲವರಿಗೆ ಇದು ಕಟ್ಟುಕಥೆಯಲ್ಲ. ೧೮೦೩ರಲ್ಲಿ ಇಂಗ್ಲಿಷರು ಆ ದೇಶವನ್ನು ಹಿಡಿದ ಮೇಲೆ, ಗೊತ್ತಾದ ದಿನ ಸೂರ್ಯಾಸ್ತದೊಳಗೆ ಕಂದಾಯ ಕಟ್ಟದ ಜಮೀನುದಾರಿಗಳು ಹರಾಜಾಗುತ್ತಿದ್ದುವು. ದೂರದ ಕಲ್ಕತ್ತೆಯಲ್ಲಿ ಕೂಗುವ ಹರಾಜು ಒಡಿಶಾದ ಒಡೆಯನಿಗೆ ತಿಳಿಯುವ ವೇಳೆಗೆ ಭೂಮಿಯು ಪರರದಾಗಿರುತ್ತಿತ್ತು. ಹೊಸ ಧಣಿಯ ಪಲ್ಲಕ್ಕಿ ಬರುತ್ತದೆಂಬ ಸುದ್ದಿಗೆ ಗೋವಿಂದಪುರದವರು ತೋರಿಸುವ ಉದಾಸೀನತೆಯಲ್ಲಿ ಒಂದು ಶತಮಾನದ ಅನುಭವವಿದೆ.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮರೆಮಾಚುವುದು ಸರಿಯಲ್ಲ. ಕಾದಂಬರಿಯ ಉತ್ತರಾರ್ಧವು ಪೂರ್ವಾರ್ಧಕ್ಕೆ ಸಮವಲ್ಲ. ಚಂಪಾ ಕೊಲೆಯಾಗುತ್ತಾಳೆ, ಕೊಂದ ಗೋವಿಂದನೂ ಉಳಿಯುವುದಿಲ್ಲ, ಮಂಗರಾಜನು ಸಾಯುವ ಗಳಿಗೆಯಲ್ಲಿ ಸಾರಿಯಾಳ ಮೂರ್ತಿಯನ್ನು ಕಂಡು ಆ ಆರು ಮಾಣ ಎಂಟು ಗುಂಠದ ಮಾತನ್ನೇ ಆಡುತ್ತಾನೆ. ಪ್ರತಿಯೊಂದು ಪಾಪಕ್ಕೂ ಜಮಾಖರ್ಚು ಸರಿಹೋಗುತ್ತದೆ. ಮನುಷ್ಯರ ನ್ಯಾಯಾಸ್ಥಾನವು ಹಸುವಿಗಾಗಿ ಮಾತ್ರ ಶಿಕ್ಷಿಸುತ್ತದೆಂದು ಅಷ್ಟು ನಿಷ್ಠುರವಾಗಿ ತೋರಿಸಿದ ಲೇಖಕರು ಕೊನೆಯಲ್ಲಿ ಮತ್ತೊಂದು ನ್ಯಾಯಾಸ್ಥಾನಕ್ಕೆ ಅಪೀಲು ಮಾಡಿಕೊಂಡಂತಿದೆ. ಮಾಸಪತ್ರಿಕೆಯ ಓದುಗರು ಇದನ್ನು ಬಯಸಿರಬಹುದು. ಮೊದಲ ಅಧ್ಯಾಯದ ಕಥೆಗಾರನು ಮಾತ್ರ ಇದನ್ನು ನಂಬಿರಲಾರನು. ಚಂಪೆಯ ವಿಷಯದಲ್ಲಿಯೂ ಆಕ್ಷೇಪವುಂಟು. ಅಪಹರಣದ ಲಾಭವೆಲ್ಲ ಮಂಗರಾಜನದಾದರೂ ಅದರ ದುರ್ಬುದ್ಧಿಯೆಲ್ಲ ಕೆಳಗಿನ ಸ್ಥಿತಿಯ ಹೆಂಗಸೊಬ್ಬಳ ತಲೆಯ ಮೇಲೆ ಬಿದ್ದಿದೆ. ಅವಳ ರೂಪವರ್ಣನೆಯಲ್ಲಿ ಕಾವ್ಯಗಳ ನಾಯಿಕೆಯರನ್ನು ಅಣಕಿಸುವ ನಗೆಯು ವಿನೋದಕರವಾಗಿದ್ದರೂ ಆ ನಗೆಯ ಭಾರವನ್ನು ಹೊರುವವಳು ಅವಳೊಬ್ಬಳೇ. ಇದಕ್ಕೆ ಪ್ರತಿಯಾಗಿ ಮಂಗರಾಜನ ಪತ್ನಿಯಾದ ಸಾಂತಾಣಿಯನ್ನು ಕುರಿತು ಬರೆಯುವಾಗ ವ್ಯಂಗ್ಯವು ಸಂಪೂರ್ಣವಾಗಿ ಮೌನವಾಗುತ್ತದೆ. ಗಂಡನ ಅನ್ಯಾಯವನ್ನು ಬಲ್ಲವಳು, ತಡೆಯಲಾರದವಳು, ಹಸಿದವರಿಗೆ ಕದ್ದು ಅನ್ನವಿಕ್ಕುವವಳು. ಆ ಪುಟಗಳು ಶುದ್ಧವಾಗಿವೆ. ಆದರೆ ಹೊಗಳಿಕೆಯೆಂದರೆ ಆರೋಪವೆಂದು ಇಷ್ಟುಹೊತ್ತು ಕಲಿತ ಓದುಗನು ಅಲ್ಲಿಯ ನಿಜವಾದ ಹೊಗಳಿಕೆಯನ್ನೂ ಒಂದು ಕ್ಷಣ ಸಂದೇಹದಿಂದ ನೋಡುತ್ತಾನೆ. ಈ ಧಾಟಿಗೆ ಲೇಖಕರು ತೆತ್ತ ಬೆಲೆ ಇದು.

ಕನ್ನಡದಲ್ಲಿ ಇದಕ್ಕೆ ಸಾಟಿಯಾದ ಕೃತಿಯನ್ನು ಹುಡುಕುವವರು ಶಿವರಾಮ ಕಾರಂತರ ‘ಚೋಮನ ದುಡಿ’ಗೆ (೧೯೩೩) ಹೋಗುವುದು ಸಹಜ. ಸಾಮ್ಯಕ್ಕಿಂತ ಭೇದವೇ ಹೆಚ್ಚು ಬೋಧಪ್ರದವಾಗಿದೆ. ಭಗಿಯನಿಗೆ ಕಳೆದುಕೊಳ್ಳುವುದಕ್ಕೆ ಆರು ಮಾಣ ಎಂಟು ಗುಂಠವಾದರೂ ಇತ್ತು. ಚೋಮನಿಗೆ ಅಳತೆಯ ಮಾತೇ ಇಲ್ಲ, ಏಕೆಂದರೆ ಬೇಸಾಯಕ್ಕೆ ಭೂಮಿಯನ್ನು ಪಡೆಯುವ ಅರ್ಹತೆಯನ್ನೇ ಅವನ ಜಾತಿಗೆ ರೂಢಿಯು ಕೊಟ್ಟಿಲ್ಲ. ಅಲ್ಲಿಯ ಧಣಿಯು ಕ್ರೂರನಲ್ಲ; ಬೆದರಿಸುವುದೂ ಇಲ್ಲ. ಬೆದರಿಸಬೇಕಾದ ಅಗತ್ಯವೇ ಬಾರದಷ್ಟು ಪೂರ್ವಕಾಲದಿಂದ ಭಯವು ನೆಲೆಗೊಂಡಿದೆ. ಆದುದರಿಂದಲೇ ಕಾರಂತರಿಗೆ ವ್ಯಂಗ್ಯದ ಕಥೆಗಾರನು ಬೇಕಾಗಲಿಲ್ಲ. ಚೋಮನ ಪರವಾಗಿ ದುಡಿಯು ಮಾತನಾಡಿತು.

ನಿರಂಜನರ ‘ಚಿರಸ್ಮರಣೆ’ಯು (೧೯೫೫) ಈ ಸಾಲಿನ ಮತ್ತೊಂದು ತುದಿ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ ೧೯೪೧ನೆಯ ಮಾರ್ಚಿಯಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೋಲೀಸಿನವನೊಬ್ಬನು ಹೊಳೆಯಲ್ಲಿ ಮುಳುಗಿ ಸತ್ತುದೂ, ಅದಕ್ಕಾಗಿ ೧೯೪೩ನೆಯ ಮಾರ್ಚಿ ೨೯ರಂದು ಕಣ್ಣೂರಿನ ಸೆರೆಮನೆಯಲ್ಲಿ ನಾಲ್ವರನ್ನು ಗಲ್ಲಿಗೇರಿಸಿದುದೂ ಅದರ ವಸ್ತು. ಇಲ್ಲಿ ರೈತರು ಸಂಘವನ್ನು ಕಟ್ಟಿ ಬಹಿರಂಗವಾಗಿ ಮಾತನಾಡುತ್ತಾರೆ. ಮಾತಿಗೆ ಮರೆ ಬೇಡವಾದೊಡನೆ ವ್ಯಂಗ್ಯವೂ ಬೇಡವಾಗುತ್ತದೆ. ಅದರ ಋಜುತ್ವವು ಹೃದಯವನ್ನು ಮುಟ್ಟುತ್ತದೆ. ಆದರೆ ಕಲೆಯ ದೃಷ್ಟಿಯಿಂದ ಒಂದು ನಷ್ಟವೂ ಉಂಟು: ಜಮೀನುದಾರರು ಮಂಗರಾಜನಂತೆ ಓದುಗನ ಮನಸ್ಸಿನೊಳಗೆ ಬಂದು ಕುಳಿತುಕೊಳ್ಳುವುದಿಲ್ಲ. ಮಂಗರಾಜನ ಏಕಾದಶಿಯ ಹಾಲನ್ನು ಮರೆಯುವವರಿಲ್ಲ. ಕಯ್ಯೂರಿನ ಧಣಿಗಳನ್ನು ಅವರ ಅನ್ಯಾಯದಿಂದ ಮಾತ್ರ ನೆನೆಯಬೇಕು. ೧೯೫೧ರ ಕಾಗೋಡು ಸತ್ಯಾಗ್ರಹವು ಗೇಣಿಯ ಬತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಆರಂಭವಾದುದು. ಧಣಿಯ ಮನೆಯ ಕೊಳಗವು ದೊಡ್ಡದೆಂಬುದನ್ನು ಅದಕ್ಕೆ ಹಿಂದಿ�ನ ತಲೆಮಾರುಗಳು ಯಾವ ಧಾಟಿಯಲ್ಲಿ ಹೇಳಿಕೊಳ್ಳುತ್ತಿದ್ದರೆಂಬುದು ಮಲೆನಾಡಿನ ಗಾದೆಗಳನ್ನೂ ಹಾಡುಗಳನ್ನೂ ಸಂಗ್ರಹಿಸುವವರು ವಿಶೇಷವಾಗಿ ಪರಿಶೀಲಿಸತಕ್ಕ ವಿಷಯ. ವ್ಯಾಜಸ್ತುತಿಯ ಉದಾಹರಣೆಗಳು ಅಲಂಕಾರಗ್ರಂಥಗಳಲ್ಲಿರುವುದಕ್ಕಿಂತ ಅಲ್ಲಿ ಹೆಚ್ಚಾಗಿ ದೊರೆಯಬಹುದು.

ಫಕೀರಮೋಹನರ ಗದ್ಯವನ್ನು ಕನ್ನಡದ ತರಗತಿಗಳಲ್ಲಿ ಪಾಠ ಹೇಳುವವರೂ ಭಾಷಾಂತರಕ್ಕೆ ಕೈಯಿಕ್ಕುವವರೂ ಗಮನಿಸಬೇಕಾದ ಅಂಶವೊಂದಿದೆ. ಈ ಕಾದಂಬರಿಯಲ್ಲಿ ಶಾಸ್ತ್ರದ ಸಂಸ್ಕೃತ, ಹಳ್ಳಿಯ ಒಡಿಯಾ, ಕಚೇರಿಯ ಪಾರಸಿ ಈ ಮೂರೂ ಒಂದನ್ನೊಂದು ಅಣಕಿಸುತ್ತವೆ. ಇಂಗ್ಲಿಷಿಗೆ ತಂದವರು ಕಚೇರಿಯ ಮಾತಿಗೆ ಸಮಾನವಾದುದನ್ನು ಹುಡುಕಬೇಕಾಯಿತು. ಕನ್ನಡಕ್ಕೆ ಆ ಕಷ್ಟವಿಲ್ಲ. ಬಹಮನಿ ಆದಿಲಶಾಹಿಗಳ ಕಾಲದಿಂದಲೂ, ಅನಂತರ ಮರಾಠರ ಹಾಗೂ ಹೈದರ್ ಟಿಪ್ಪುಗಳ ಆಳಿಕೆಯಲ್ಲಿಯೂ ಬಂದು ನಿಂತ ಜಮೀನು, ರೈತ, ವಕೀಲ, ಕಚೇರಿ, ಜಪ್ತಿ, ಹರಾಜು, ಜಾಮೀನು, ಫಿರ್ಯಾದಿ ಎಂಬ ಮಾತುಗಳು ಕನ್ನಡದ ರೈತನ ನಾಲಗೆಯ ಮೇಲೆಯೇ ಇವೆ. ಗೋವಿಂದಪುರದ ಭಗಿಯನನ್ನು ನುಂಗಿದ ಮಾತುಗಳೂ ಇವೇ. ಗ್ರಾಂಥಿಕಶುದ್ಧಿಯ ಆಸೆಯಿಂದ ಜಪ್ತಿಯನ್ನು ‘ಸ್ವಾಧೀನೀಕರಣ’ವೆಂದೂ ಹರಾಜನ್ನು ‘ಬಹಿರಂಗವಿಕ್ರಯ’ವೆಂದೂ ತಿದ್ದಿದರೆ ಪುಟವು ಶುಚಿಯಾಗಿ ಕಾಣಬಹುದು, ಅಮೀನನು ಬಾಗಿಲ ಮುಂದೆ ನಿಂತು ಆ ಮಾತನ್ನು ಕೂಗಿದಾಗ ಸಾರಿಯಾಳ ಎದೆಯಲ್ಲಿ ಆದ ಸದ್ದು ಮಾತ್ರ ಕೇಳಿಸುವುದಿಲ್ಲ.